ಹಳೆಯ ಗಾಲಿಗಳ ಮಾರಾಟದಲ್ಲಿ ಮೌನ ಸಲ್ಲದು

ನಮ್ಮ ಕಾಸರಗೋಡಿನ ಕಡೆ ಕಾರು ಕೊಂಡ ತರುಣರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಕಂಪೆನಿಯ ಕಬ್ಬಿಣದ ಗಾಲಿಗಳನ್ನು ಕಳಚಿ ಥಳಥಳಿಸುವ ಅಲಾಯ್ ಗಾಲಿಗಳನ್ನು ಹಾಕಿಸುವುದು. ಎರಡು ಮೂರು ವರ್ಷಗಳಲ್ಲಿ ಕಾರು ಬದಲಾಗುತ್ತದೆ, ಇಲ್ಲವೇ ಯಜಮಾನ ಗಲ್ಫಿಗೆ ಹೊರಡುತ್ತಾನೆ. ಆಗ ಕಂಪೆನಿಯ ಗಾಲಿಗಳು ಪುನಃ ಕಾರಿಗೇರುತ್ತವೆ. ಅಲಾಯ್ ಗಾಲಿಗಳು ಮಾರಾಟಕ್ಕಿಳಿಯುತ್ತವೆ. ಫೋನಿನಲ್ಲಿ ಚಿತ್ರ ನೋಡಿ ಬೆಲೆ ಕುದುರುವುದೂ ಉಂಟು. ಈ ವ್ಯಾಪಾರ ತಪ್ಪೆಂದು ಯಾರೂ ಹೇಳಲಾರರು. ಒಳ್ಳೆಯ ಗಾಲಿಯ ಆಯುಷ್ಯ ಒಂದೇ ಕಾರಿನೊಂದಿಗೆ ಮುಗಿಯುವುದಿಲ್ಲ. ಹೊಸತನ್ನು ಕೊಳ್ಳಲು ಶಕ್ತಿಯಿಲ್ಲದವನಿಗೆ ಅದು ಉಪಕಾರವೇ ಸರಿ. ಆಕ್ಷೇಪವಿರುವುದು ಮಾರುವವನ ಮೌನದ ಬಗ್ಗೆ.

ಹಳೆಯ ರೇಡಿಯೋ ಕೆಟ್ಟರೆ ಹಾಡು ನಿಂತೀತು. ಗಾಲಿ ಒಡೆದರೆ ಕಾರಿನಲ್ಲಿರುವ ಮಕ್ಕಳು ಮರಿಗಳ ಗತಿಯೇನು? ಕಬ್ಬಿಣದ ರಿಮ್ಮು ಹೊಂಡಕ್ಕೆ ಬಿದ್ದರೆ ಸಾಮಾನ್ಯವಾಗಿ ಬಾಗುತ್ತದೆ. ಅಲ್ಯುಮಿನಿಯಂ ಮಿಶ್ರಲೋಹದ ಗಾಲಿ ಬಿರುಕು ಬಿಡುವುದೂ ಉಂಟು. ಆಟಿ ತಿಂಗಳಲ್ಲಿ ನೀರು ತುಂಬಿದ ಹೊಂಡಗಳ ಆಳವನ್ನು ಬಲ್ಲವರಾರು? ಬಿರುಕು ಹೆಚ್ಚಾಗಿ ಗಾಲಿಯ ಒಳಬದಿಯಲ್ಲಿ ಅಡಗಿರುತ್ತದೆ. ಚಿತ್ರದಲ್ಲಿ ಕಾಣುವುದು ಹೊರಮುಖ ಮಾತ್ರ. ಬಿರುಕಿಗೆ ವೆಲ್ಡಿಂಗ್ ಮಾಡಿಸಿ ಮೇಲೊಂದು ಬಣ್ಣ ಬಳಿದರೆ ಕಣ್ಣಿಗೆ ಹೊಸತರಂತೆಯೇ. ಆದರೆ ವೆಲ್ಡಿಂಗಿನ ಬಿಸಿ ತಾಗಿದ ಸುತ್ತಲಿನ ಲೋಹ ತನ್ನ ಮೊದಲಿನ ಬಲವನ್ನು ಕಳೆದುಕೊಂಡಿರುತ್ತದೆ.

ಇನ್ನು ಹೊಂದಾಣಿಕೆಯ ಪ್ರಶ್ನೆ. ‘ನಾಲ್ಕು ಬೋಲ್ಟಿನ ಗಾಲಿ, ಎಲ್ಲಾ ಸಣ್ಣ ಕಾರಿಗೂ ಆಗುತ್ತದೆ’ ಎಂಬ ಮಾತನ್ನು ನಂಬಿ ಕೈಸುಟ್ಟುಕೊಂಡವರಿದ್ದಾರೆ. ಹಳೆಯ ಮಾರುತಿ 800ಕ್ಕೂ ಸ್ವಿಫ್ಟಿಗೂ ನಾಲ್ಕೇ ಬೋಲ್ಟು. ಆದರೆ ಆ ಬೋಲ್ಟುಗಳು ನಿಂತಿರುವ ವೃತ್ತದ ವ್ಯಾಸ ಮೊದಲಿನದರಲ್ಲಿ 114.3 ಮಿ.ಮೀ., ಎರಡನೆಯದರಲ್ಲಿ 100 ಮಿ.ಮೀ. ಒಂದರದು ಇನ್ನೊಂದಕ್ಕೆ ಕೂರದು. ಹೋಂಡಾ ಸಿಟಿಯ ವೃತ್ತವೂ 100 ಮಿ.ಮೀ. ಆದರೂ ಅದರ ಹಬ್ಬಿನ ವ್ಯಾಸ 56.1, ಸ್ವಿಫ್ಟಿನದು 54.1, ನಟ್ಟಿನ ಸುತ್ತುಗಳೂ ಬೇರೆ ಬೇರೆ. ಅಂಗಡಿಯ ಅಲಾಯ್ ಗಾಲಿಗಳಲ್ಲಿ ನಡುವಿನ ತೂತು 73.1ರಷ್ಟು ದೊಡ್ಡದಿರುವುದೂ ಉಂಟು. ನಡುವಿನ ಅಂತರಕ್ಕೆ ಬಳೆಯಂಥ ಉಂಗುರ ಬೇಕು. ಆ ಉಂಗುರಗಳನ್ನೂ ನಟ್ಟುಗಳನ್ನೂ ಕೊಡದೆ ಗಾಲಿ ಮಾತ್ರ ಕೊಟ್ಟರೆ, ವೇಗ ಏರಿದಾಗ ಸ್ಟೀರಿಂಗ್ ನಡುಗಲಾರಂಭಿಸುತ್ತದೆ. ಕೊಂಡವನು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಯುತ್ತಾನೆ.

‘ಕೊಳ್ಳುವವನೇ ನೋಡಿಕೊಳ್ಳಬೇಕು, ನಾನೇಕೆ ಹೇಳಲಿ?’ ಎಂದು ಕೆಲವರು ವಾದಿಸಬಹುದು. ಕಾನೂನು ಈ ವಾದಕ್ಕೆ ಸ್ವಲ್ಪಮಟ್ಟಿಗೆ ಆಶ್ರಯ ಕೊಡುತ್ತದೆ, ನಿಜ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮಿನಲ್ಲಿ ಕುದುರೆಯ ಉದಾಹರಣೆಗಳಿವೆ. ದೋಷವುಳ್ಳ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರುತ್ತಾನೆ, ದೋಷದ ವಿಚಾರ ಬಾಯಿಬಿಡುವುದಿಲ್ಲ. ಅಷ್ಟರಿಂದಲೇ ಅದು ವಂಚನೆಯಾಗದು. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು ‘ನೀವು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮ. ಆದ್ದರಿಂದ ಕೊಳ್ಳುವವರು ಬಾಯಿಬಿಟ್ಟು ಕೇಳಬೇಕು. ಮಾರುವವರಂತೂ ಕೇಳುವ ತನಕ ಕಾಯಬಾರದು. ಮದುವೆ ಮುಂಜಿಗಳಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖಾಮುಖಿಯಾಗುವ ನಾವು ಒಬ್ಬರಿಗೊಬ್ಬರು ಹರಾಜುಕಟ್ಟೆಯ ಅಪರಿಚಿತರೇ?

ಮಾಡಬೇಕಾದದ್ದು ಹೆಚ್ಚೇನಿಲ್ಲ. ಒಂದು ಹಾಳೆಯಲ್ಲಿ ಗಾಲಿಯ ವ್ಯಾಸ, ಅಗಲ, ಬೋಲ್ಟುಗಳ ವೃತ್ತ, ನಡುತೂತು, ಆಫ್‌ಸೆಟ್, ತಡೆಯುವ ಭಾರ ಇವನ್ನು ಬರೆಯಬೇಕು. ಇವುಗಳಲ್ಲಿ ಹೆಚ್ಚಿನವು ಗಾಲಿಯ ಹಿಂಬದಿಯಲ್ಲೇ ಅಚ್ಚಾಗಿರುತ್ತವೆ. ಯಾವ ಕಾರಿನಲ್ಲಿ ಎಷ್ಟು ವರ್ಷ ಓಡಿದೆ, ಬಾಗಿದ್ದನ್ನು ಸರಿಪಡಿಸಿದ್ದುಂಟೇ ಎಂಬುದನ್ನೂ ಸೇರಿಸಿ ರುಜು ಹಾಕಿ ಕೊಡಬೇಕು. ಟಯರಿನ ಸಮೇತ ಮಾರುವುದಾದರೆ ಅದರ ಮೇಲಿನ ನಾಲ್ಕಂಕಿಯನ್ನೂ ಬರೆಯಬೇಕು. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಾಳೆ ಕನ್ನಡದಲ್ಲಿರಲಿ, ಮಲಯಾಳದಲ್ಲಿರಲಿ, ಕೊಳ್ಳುವವನು ಓದಬಲ್ಲ ಭಾಷೆಯಲ್ಲಿರಬೇಕು. ಓದಲಾಗದ ಕಾಗದಕ್ಕೆ ರುಜು ಹಾಕಿ ಆಮೇಲೆ ಪರಿತಪಿಸುವುದು ನಮ್ಮವರಿಗೆ ಹೊಸತಲ್ಲ.

ಕೊಳ್ಳುವವರಿಗೂ ಎರಡು ಮಾತು. ಹಣ ಕೊಡುವ ಮೊದಲು ಟಯರು ಕಳಚಿಸಿ ಒಳಬದಿ ನೋಡಿ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿದರೆ ಡೊಂಕು ಕಣ್ಣಿಗೇ ಕಾಣುತ್ತದೆ. ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ತೀರ್ಪು ನೀಡಿದೆ. ಆದುದರಿಂದ ಕಂಪೆನಿಯೇ ಆ ಮಾದರಿಗೆ ಒಪ್ಪಿದ ಅಳತೆಯನ್ನು ಮೀರದಿರುವುದು ಲೇಸು. ಮೈಯಿಂದ ಹೊರಚಾಚುವ ಗಾಲಿಯ ಗೊಡವೆ ಬೇಡ.

ಬಿರುಕು ಬಿಟ್ಟ ಗಾಲಿಯನ್ನು ಏನು ಮಾಡಬೇಕು? ಗುಜರಿಗೆ ಹಾಕಬೇಕು. ಅಲ್ಯುಮಿನಿಯಂಗೆ ತೂಕದ ಲೆಕ್ಕದಲ್ಲಿ ಅಷ್ಟಿಷ್ಟು ಹಣ ಬಂದೇ ಬರುತ್ತದೆ. ಬಣ್ಣ ಬಳಿದು ಮಾರಿದರೆ ಇನ್ನೂ ಕೆಲವು ಸಾವಿರ ಹೆಚ್ಚು ಸಿಕ್ಕೀತು. ಆ ಕೆಲವು ಸಾವಿರಕ್ಕಾಗಿ ಇನ್ನೊಬ್ಬರ ಮನೆಯವರನ್ನು ಅಪಾಯಕ್ಕೆ ಒಡ್ಡಬೇಕೇ ಎಂಬುದನ್ನು ಮಾರುವ ಬಂಧುಗಳು ವಿವೇಚಿಸಲಿ.