ಮುಹೂರ್ತದ ದಿನ ಐದು ಕ್ಯಾಮೆರಾ, ಆಷಾಢದಲ್ಲಿ ಒಂದೂ ಇಲ್ಲ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಫೋಟೋ-ವಿಡಿಯೋದವರ ಕೆಲಸದ ದಿನ ಗೊತ್ತು ಮಾಡುವುದು ಪಂಚಾಂಗ. ಒಳ್ಳೆಯ ಮುಹೂರ್ತ ಬಿದ್ದ ದಿನ ಒಂದೇ ಸ್ಟುಡಿಯೋಗೆ ಮೂರು ಊರಿನ ಲಗ್ನ. ಮರುದಿನ ಅಲ್ಲಿಗೆ ಬರುವವರು ಪಾಸ್‌ಪೋರ್ಟ್ ಫೋಟೋದ ನಾಲ್ಕು ಜನ. ಇಂಥ ವ್ಯಾಪಾರ ನಂಬಿ ಯಾವ ಮಾಲೀಕನೂ ಐದು ಕ್ಯಾಮೆರಾಮನ್‌ಗಳನ್ನು ತಿಂಗಳ ಪಗಾರಕ್ಕೆ ಇಟ್ಟುಕೊಳ್ಳಲಾರ. ದಿನಕ್ಕಿಷ್ಟು ಎಂದು ಮಾತಾಡಿ, ಬೈಕಿನ ಮೇಲೆ ಬ್ಯಾಗು ಹೇರಿಕೊಂಡು ಹೋಗುವ ಫ್ರೀಲಾನ್ಸ್ ಹುಡುಗರಿಗೆ ದಾರಿಯಾದದ್ದು ಹೀಗೆ.

ಈ ದಾರಿ ಕೆಟ್ಟದ್ದೇನಲ್ಲ. ಅಂಗಡಿ ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ. ಮನೆಯಲ್ಲಿ ನಾಲ್ಕೆಕರೆ ತೊಗರಿ ಇದ್ದರೆ ರಾಶಿ ಮಾಡಿಕೊಂಡೇ ಲಗ್ನಗಳಿಗೂ ಹೋಗಬಹುದು. ಆಳಂದದವನಿಗೆ ಮರಾಠಿ ಬರುತ್ತದೆ, ಸೊಲ್ಲಾಪುರದ ಕಡೆಯ ಕೆಲಸವೂ ಸಿಗುತ್ತದೆ. ಶ್ರಾವಣದಲ್ಲಿ ಮಠಗಳ ಪುರಾಣ-ಪ್ರವಚನದ ಲೈವ್ ಇರುತ್ತದೆ, ಗಾಣಗಾಪುರದಲ್ಲಿ ದತ್ತ ಜಯಂತಿ ಬರುತ್ತದೆ, ಯೂಟ್ಯೂಬಿಗೆ ಜಾನಪದ ಸಾಂಗ್ ಮಾಡಿಸುವವರು ಕರೆಯುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ, ದೂರದ ಟಿವಿಯವರಿಗೂ ಇಲ್ಲೇ ಇರುವವನ ಕ್ಯಾಮೆರಾ ಬೇಕಾಗುತ್ತದೆ.

ತೊಂದರೆ ಕೆಲಸದ್ದಲ್ಲ, ಬಾಕಿಯದ್ದು. ಲಗ್ನದ ಮನೆಯವರು ಅಡ್ವಾನ್ಸ್ ಕೊಟ್ಟಿರುತ್ತಾರೆ. ಉಳಿದದ್ದು ಆಲ್ಬಮ್ ಕೈಗೆ ಬಂದ ಮೇಲೆ. ಆಲ್ಬಮ್ಮಿಗೆ ಫೋಟೋ ಆರಿಸಿ ಕೊಡಬೇಕಾದ ಮದುಮಗಳು ಅಷ್ಟರಲ್ಲಿ ಗಂಡನ ಜೊತೆ ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾಳೆ. ತಿಂಗಳು ಕಳೆಯುತ್ತದೆ. ಕೇಳಿದರೆ, “ತೊಗರಿ ಮಾರಲಿ ತಡೀರಿ, ಎಲ್ಲಿ ಹೋಗ್ತದ ನಿಮ್ಮ ರೊಕ್ಕ?” ಸ್ಟುಡಿಯೋದವನ ಕೈಯಲ್ಲಿ ಹಾರ್ಡ್ ಡಿಸ್ಕಾದರೂ ಇದೆ, ಪೂರ್ತಿ ಹಣ ಬರುವವರೆಗೆ ತಡೆಹಿಡಿಯಬಹುದು. ಮೆಮೊರಿ ಕಾರ್ಡ್ ಒಪ್ಪಿಸಿ ಬಂದ ಫ್ರೀಲಾನ್ಸರನ ಕೈಯಲ್ಲಿ ಏನೂ ಉಳಿದಿಲ್ಲ. ಪಾಪ, ಮಾಲೀಕನೂ ಸುಳ್ಳು ಹೇಳುತ್ತಿರುವುದಿಲ್ಲ, ಅವನಿಗೇ ಬಂದಿರುವುದಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾದಿಂದ ದೇಶದಲ್ಲಿ ಮೊದಲು ಸತ್ತವರು ಕಲಬುರಗಿಯವರೇ, ಹಿಂದೆಯೇ ಲಾಕ್‌ಡೌನ್. ಲಗ್ನದ ಸೀಜನ್ನೇ ಹೋಯಿತು, ಕ್ಯಾಮೆರಾದ ಕಂತು ಮಾತ್ರ ಹೋಗಲಿಲ್ಲ. ಸರ್ಕಾರದ ಆಸರೆಯೂ ಇಲ್ಲ: 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ, ಕ್ಷೌರಿಕ, ಹೂಮಾಲೆ ಕಟ್ಟುವವರೆಲ್ಲ ಇದ್ದಾರೆ. ಅದೇ ಲಗ್ನದ ಹಂದರದಲ್ಲಿ ನಿಂತ ಕ್ಯಾಮೆರಾಮನ್ ಇಲ್ಲ. 2025ರ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್ ಮೂಲಕ ದುಡಿಯುವವರದ್ದು, ಫೋನ್ ಮಾಡಿ ಕರೆಸಿಕೊಂಡವನದ್ದಲ್ಲ. ಇನ್ನು ಡ್ರೋನ್: 2021ರ ನಿಯಮದಂತೆ 250 ಗ್ರಾಂ ಮೀರಿದ್ದನ್ನು ದುಡಿಮೆಗೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು. ಹಂದರದ ಮೇಲೆ ಗುಂಯ್‌ಗುಡುವಾಗ ಅದನ್ನು ಕೇಳುವವರು ಯಾರು?

ಗಿರಾಕಿಯ ದೂರನ್ನೂ ಕೇಳಬೇಕು. ಒಪ್ಪಂದವಾದದ್ದು ಒಬ್ಬನ ಜೊತೆ, ಶೂಟಿಂಗಿಗೆ ಬಂದವನು ಇನ್ನೊಬ್ಬ, ಮಿಕ್ಸಿಂಗ್ ಮಾಡುವವನು ಮತ್ತೊಬ್ಬ. ಅಕ್ಷತೆ ಬೀಳುವ ಹೊತ್ತಿನ ಕ್ಲಿಪ್ಪೇ ಕಾಣೆಯಾದರೆ ಯಾರ ಕೊರಳಪಟ್ಟಿ ಹಿಡಿಯುವುದು? ಲಗ್ನವನ್ನು ಮತ್ತೆ ಮಾಡಿಸಲಾಗದು. ನಮ್ಮ ಮನೆಯ ಒಂದು ಕುಬುಸದ ವಿಡಿಯೋ ಹೀಗೇ ಹೋಯಿತು. ಮೂರೂ ಜನ ಪರಸ್ಪರ ಬೊಟ್ಟು ಮಾಡಿದರು. ಇನ್ನೊಂದು ವಿಷಯ ಎರಡೂ ಕಡೆಯವರಿಗೆ ತಿಳಿದಿರುವುದಿಲ್ಲ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಮದುಮಗಳ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿ ಹೊಸ ಗಿರಾಕಿ ಹುಡುಕುವವನು ಮೊದಲು ತೆಗೆಸಿದವರನ್ನು ಕೇಳಬೇಕು.

ಸ್ಟುಡಿಯೋದ ಪಗಾರ ಸಣ್ಣದು, ಆದರೆ ಆಷಾಢದಲ್ಲೂ ಬರುತ್ತದೆ. ಹೊಲವೋ ಮನೆಯ ಅಂಗಡಿಯೋ ಇದ್ದವನು ಫ್ರೀಲಾನ್ಸ್ ಮಾಡಲಿ, ಅದೂ ಮೊದಲೆರಡು ಸೀಜನ್ ಬಾಡಿಗೆ ಕ್ಯಾಮೆರಾದಲ್ಲಿ. ಬೇರೆ ಆಸರೆ ಇಲ್ಲದವನು ಸಾಲ ಮಾಡಿ ಕ್ಯಾಮೆರಾ ಕೊಂಡು ಇದಕ್ಕೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ತುಳಸಿ ಲಗ್ನ ಮುಗಿದು ಮನೆಯಲ್ಲಿ ಮುಹೂರ್ತ ಹಿಡಿದವರು ಸ್ಟುಡಿಯೋದವನನ್ನು ಒಂದು ಮಾತು ಕೇಳಿ, ಕ್ಯಾಮೆರಾ ಹಿಡಿದು ಬರುವವನು ಯಾರು ಎಂದು. ಹಂದರ ಬಿಚ್ಚುವುದರೊಳಗೆ ಅವನ ಆ ದಿನದ ದುಡ್ಡನ್ನು ಅವನ ಕೈಗೇ ಕೊಡಿಸಿ.