ಓದಿದ್ದು ಬೇರೆ, ಸಿಕ್ಕಿದ್ದು ಬೇರೆ: ಕೆಲಸ ಹಿಡಿಯಿರಿ, ಕಾಗದ ಬಿಡಬೇಡಿ!

ಧಾರವಾಡ ಸಪ್ತಾಪುರದ ಬಾಡಿಗೆ ರೂಮುಗಳಲ್ಲಿ, ರೀಡಿಂಗ್ ರೂಮುಗಳಲ್ಲಿ, ಖಾನಾವಳಿಯ ಪಾಳಿಯಲ್ಲಿ ಇರುವ ಪದವೀಧರ ಗೆಳೆಯ ಗೆಳತಿಯರೇ,

545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದವರು ನಮ್ಮ ನಡುವೆಯೇ ಇದ್ದಾರೆ. ಅಕ್ರಮ ಬಯಲಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರ ಆಗಸ್ಟ್‌ನಲ್ಲಿ ಬರೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ಬರೆದೆವು. ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ರೂಮಿನ ಬಾಡಿಗೆ ಹೋಗುವುದಿಲ್ಲ. ಅದಕ್ಕೇ ಎಂ.ಎಸ್ಸಿ. ಕೆಮಿಸ್ಟ್ರಿ ಓದಿದವರು ಫೈನಾನ್ಸ್ ಕಂಪನಿಯ ಸಾಲ ವಸೂಲಿಗೆ ಹೋಗುತ್ತಿದ್ದೇವೆ, ಬಿ.ಇಡಿ. ಮುಗಿಸಿದವರು ಬೈಕಿನ ಮೇಲೆ ಊಟದ ಪಾರ್ಸೆಲ್ ಒಯ್ಯುತ್ತಿದ್ದೇವೆ. ಊರಿಂದ ಫೋನ್ ಬಂದರೆ ಮಾತ್ರ "ಯಪ್ಪಾ, ಲೈಬ್ರರಿಯೊಳಗ ಅದೀನಿ" ಎನ್ನುತ್ತೇವೆ.

ಈ ಮುಚ್ಚಿಡುವಿಕೆಯೇ ನಮ್ಮನ್ನು ಹಾಳು ಮಾಡುತ್ತಿದೆ. "ಇದೇನು ನಮ್ಮ ಖಾಯಂ ಕೆಲಸವೇ, ನಾಲ್ಕು ತಿಂಗಳ ಮಾತು" ಎಂದುಕೊಂಡು ಏನನ್ನೂ ಕೇಳದೆ ಸೇರುತ್ತೇವೆ. ಇದನ್ನು ಬರೆಯುತ್ತಿರುವ ನಾನೂ ಹಾಗೆಯೇ ಸೇರಿದೆ.

ನಾನು ಮೆಕ್ಯಾನಿಕಲ್ ಓದಿದವನು. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಸೇರಿದ ದಿನವೇ ಮಾಲೀಕರು ಮೂಲ ಅಂಕಪಟ್ಟಿ ಕೇಳಿದರು. ಎಂಟೂ ಸೆಮಿಸ್ಟರಿನದು ಕೊಟ್ಟೆ. ಹಳದಿ ಕವರಿಗೆ ಹಾಕಿ, ಮೇಲೆ ನನ್ನ ಹೆಸರು ಬರೆದು, ಸೀರೆ ಗಂಟುಗಳ ಹಿಂದಿದ್ದ ಕಬ್ಬಿಣದ ಕಪಾಟಿನಲ್ಲಿಟ್ಟರು. ಏಳು ತಿಂಗಳ ಮೇಲೆ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಿಂದ ನನ್ನ ಓದಿಗೆ ತಕ್ಕ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಮೂಲ ದಾಖಲೆ ತರಬೇಕಿತ್ತು. "ದೀಪಾವಳಿ ಸೀಜನ್ ಮುಗೀಲಿ. ಇಲ್ಲಂದ್ರ ಎರಡು ತಿಂಗಳ ಪಗಾರ ಕಟ್ಟಿ ಒಯ್ಯಿ" ಎಂದರು ಮಾಲೀಕರು. ಸಂದರ್ಶನದ ದಿನ ನಾನು ಬಿಲ್ ಹೊಡೆಯುತ್ತ ನಿಂತಿದ್ದೆ. ಕವರು ಹತ್ತು ಹೆಜ್ಜೆ ದೂರದಲ್ಲಿತ್ತು. ಪಗಾರ ನಗದಾಗಿ ಕೈಗೆ ಬರುತ್ತಿತ್ತು, ಹಾಗಾಗಿ ಏಳು ತಿಂಗಳು ದುಡಿದದ್ದಕ್ಕೆ ನನ್ನ ಬಳಿ ಒಂದು ಚೀಟಿಯೂ ಉಳಿಯಲಿಲ್ಲ.

ಗೆಳೆಯರೇ, ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ. ಝೆರಾಕ್ಸ್ ಕೊಡಿ, ಮೂಲವನ್ನು ತೋರಿಸಿ ಮರಳಿ ತನ್ನಿ. ಡಿಜಿಲಾಕರ್‌ನಲ್ಲಿ ಬಂದಿರುವ ಅಂಕಪಟ್ಟಿಗೂ ಕಾನೂನಿನಲ್ಲಿ ಮೂಲಪ್ರತಿಯ ಮಾನ್ಯತೆಯಿದೆ, ಇವತ್ತೇ ಇಳಿಸಿಕೊಳ್ಳಿ.

ನೇಮಕಾತಿ ಪತ್ರ ಕೇಳಿ ಪಡೆಯಿರಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಸೇರಿದ 30 ದಿನದೊಳಗೆ ಹುದ್ದೆ, ಪಗಾರ ಬರೆದ ಪತ್ರ ಕೊಡಬೇಕೆಂದು ಅದರಲ್ಲೇ ಇದೆ. ಮಾಲೀಕರು ದಯೆ ತೋರಿ ಕೊಡುವಂಥದ್ದಲ್ಲ ಇದು. 20 ಜನ ದುಡಿಯುವ ಕಡೆ ಪಿಎಫ್ ಕಟ್ಟಬೇಕು. ನಿಮ್ಮ ಪಾಲು ಶೇ. 12, ಮಾಲೀಕರದೂ ಅಷ್ಟೇ. ಯುಎಎನ್ ಸಂಖ್ಯೆಯಿರುವ ಆ ಪಿಎಫ್ ಖಾತೆ ನಿಮ್ಮ ದುಡಿಮೆಗೆ ಎಲ್ಲಿ ತೋರಿಸಿದರೂ ನಿಲ್ಲುವ ಸಾಕ್ಷಿ. 10 ಜನರಿರುವ ಕಡೆ, ಪಗಾರ 21,000 ರೂಪಾಯಿಯ ಒಳಗಿದ್ದರೆ, ಇಎಸ್‌ಐ ಕೂಡ ಇದೆ. ಬೈಕ್ ಮೇಲೆ ಪಾರ್ಸೆಲ್ ಒಯ್ಯುವವರಿಗೂ ಅನ್ವಯಿಸುವಂತೆ ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ, ನೋಂದಣಿ ಮಾಡಿಸಿಕೊಳ್ಳಿ.

"ಪಿಎಫ್‌ಗೆ ಹೆಸರು ಹಚ್ಚಿದ್ರ ಯುವನಿಧಿ ಹೋಗ್ತದ ನೋಡು" ಎಂದು ಹೆದರಿಸುವವರಿದ್ದಾರೆ. ಪದವೀಧರರಿಗೆ ಅದು ತಿಂಗಳಿಗೆ 3000 ರೂಪಾಯಿ, ಹೆಚ್ಚೆಂದರೆ 2 ವರ್ಷ, ಅದೂ ನಿರುದ್ಯೋಗಿಗಳಿಗೆ. ಕೆಲಸ ಸಿಕ್ಕ ಮೇಲೆ ಬಿಟ್ಟುಬಿಡಿ. ಅದರ ಆಸೆಗೆ ನಿಮ್ಮ ದುಡಿಮೆಯ ದಾಖಲೆಯನ್ನು ಮಾರಿಕೊಳ್ಳಬೇಡಿ.

ಒಬ್ಬೊಬ್ಬರೇ ಕೇಳಿದರೆ "ನಾಳೆಯಿಂದ ಬರಬ್ಯಾಡ" ಎನ್ನುತ್ತಾರೆ, ನಿಜ. ಆದ್ದರಿಂದ ಕೂಡಿ ಕೇಳೋಣ. ಬರುವ ರವಿವಾರ ಮುಂಜಾನೆ 7 ಗಂಟೆಗೆ ಕಡಪಾ ಮೈದಾನಕ್ಕೆ ಬನ್ನಿ. ಯಾರ ಅಂಕಪಟ್ಟಿ ಯಾವ ಕಪಾಟಿನಲ್ಲಿ ಸಿಕ್ಕಿದೆಯೋ ಬರೆದುಕೊಂಡು, ಅಲ್ಲಿಗೆ ಹತ್ತು ಹತ್ತು ಜನ ಜೊತೆಯಾಗಿ ಹೋಗುತ್ತೇವೆ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು. ಅರ್ಜಿಯ ನಮೂನೆ ನಾವು ತಂದಿರುತ್ತೇವೆ, ನೀವು ಪೆನ್ನು ತನ್ನಿ. ಹತ್ತಕ್ಕೆ ಹುಬ್ಬಳ್ಳಿಯಲ್ಲಿ ಅಂಗಡಿ ತೆರೆಯಬೇಕಾದವರು ಚಿಗರಿ ಬಸ್ ಹಿಡಿಯಲು ಅನುಕೂಲವಾಗುವಂತೆ 8.30ಕ್ಕೆ ಮುಗಿಸುತ್ತೇವೆ.

— ಓದು ಒಂದು, ಕೆಲಸ ಇನ್ನೊಂದಾದ ಧಾರವಾಡದ ಪದವೀಧರರು