ಫಟಫಟಿಯ ನಿದಾನವೂ ಚಿಕಿತ್ಸೆಯೂ

ಕಳೆದ ಸಂಚಿಕೆಯಲ್ಲಿ ಕೈಪಂಪಿನ ತೊಗಲುಬಿಲ್ಲೆಯ ವಿಷಯವನ್ನು ಬರೆದು ಮುಗಿಸುವಾಗ, ಮುಂದಿನ ತಿಂಗಳು ಸಣ್ಣ ಮೋಟಾರು ಸೈಕಲಿನ ಕಾರ್ಬುರೇಟರಿನ ವಿಷಯವನ್ನು ಬರೆಯುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆಗ ನಮ್ಮ ತಿಳಿವಳಿಕೆಯ ಮೇಲೆ ನಮಗಿದ್ದ ಭರವಸೆಯು ಈಗ ಅಷ್ಟಾಗಿ ಉಳಿದಿಲ್ಲ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುವದೇ ನ್ಯಾಯವು.

ನಮ್ಮ ಮನೆಯಲ್ಲಿರುವದು ನೂರು ಸಿ.ಸಿ.ಯ ಹಳೆಯ ಗಾಡಿ. ಮಮದಾಪುರದಿಂದ ಬಬಲೇಶ್ವರಕ್ಕಾಗಲಿ ವಿಜಯಪುರಕ್ಕಾಗಲಿ ಹೋಗಿಬರಲು ಮನೆಯವರೆಲ್ಲರಿಗೂ ಅದೊಂದೇ ಆಸರೆ. ಕಳೆದ ಮಾಘಮಾಸದಲ್ಲಿ ಅದಕ್ಕೊಂದು ವಿಚಿತ್ರವಾದ ರೋಗವು ಹತ್ತಿಕೊಂಡಿತು. ಮುಂಜಾನೆ ಒಂದೇ ಒದೆತಕ್ಕೆ ಏಳುವದು. ಆದಿಲಶಾಹಿಯ ಕಾಲದ ನಮ್ಮೂರ ದೊಡ್ಡ ಕೆರೆಯನ್ನು ಹಿಂದೆ ಹಾಕಿ ಒಂದು ಹರದಾರಿ ಹೋಗುವದರೊಳಗೆ ಉಸಿರು ಕಟ್ಟಿದಂತಾಗಿ ನಿಂತುಬಿಡುವದು. ಕಾಲು ಗಂಟೆ ಬೇವಿನ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುವದು.

ಇದು ಕಾರ್ಬುರೇಟರಿನ ದೋಷವೇ ಸರಿಯೆಂದು ನಾವು ತೀರ್ಪು ಕೊಟ್ಟೆವು. ಊರಲ್ಲಿ ಗಾಡಿ ರಿಪೇರಿ ಮಾಡುವವನು ಒಂದು ಕಾಲಕ್ಕೆ ನಮ್ಮ ಶಿಷ್ಯನೇ. ಅವನಿಂದ ಅದನ್ನು ಬಿಚ್ಚಿಸಿ ತೊಳೆಸಿದೆವು. “ಸರ, ಇದರಾಗ ಏನೂ ಹೊಲಸಿಲ್ರಿ” ಎಂದು ಅವನು ಹೇಳಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ರೋಗವು ವಾಸಿಯಾಗದ್ದನ್ನು ಕಂಡು ನಾವೇ ತಿರುಪುಳಿಯನ್ನು ಹಿಡಿದು ಇದ್ದಬಿದ್ದ ತಿರುಪುಗಳನ್ನೆಲ್ಲ ಒಂದು ಸುತ್ತು ಇತ್ತ, ಎರಡು ಸುತ್ತು ಅತ್ತ ತಿರುವಿದೆವು. ಮಾರ್ಚ ತಿಂಗಳಲ್ಲಿ ಮೊಮ್ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನ ಬಬಲೇಶ್ವರದ ದಾರಿಯಲ್ಲಿ ಗಾಡಿಯು ಮೂರು ಸಲ ನಿಂತಿತು. ಮೂರನೆಯ ಸಲ ಏಳಲೇ ಇಲ್ಲ. ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಹೊರಟಿದ್ದ ಒಬ್ಬ ಪುಣ್ಯಾತ್ಮನು ಹುಡುಗಿಯನ್ನು ಹಿಂದೆ ಕೂಡ್ರಿಸಿಕೊಂಡು ಹೋದದ್ದರಿಂದ ಅವಳು ಗಂಟೆಯಾಗುವ ಹೊತ್ತಿಗೆ ಬಾಗಿಲನ್ನು ಮುಟ್ಟಿದಳು.

ಅಂದು ಸಂಜೆ ನಾವು ಆ ಶಿಷ್ಯನ ಅಂಗಡಿಯ ಮುಂದೆ ನಾಲ್ಕು ಜನರ ಎದುರಿಗೆ, “ಸಾಲೆಯಲ್ಲಿಯೂ ನಿನ್ನ ಕೆಲಸವೆಲ್ಲ ಅರೆಬರೆಯೇ ಇತ್ತು” ಎಂದುಬಿಟ್ಟೆವು. ಅವನು ಮರುಮಾತಾಡಲಿಲ್ಲ. ಕೈಯನ್ನು ಅರಿವೆಗೆ ಒರಿಸಿಕೊಂಡು ಗಾಡಿಯನ್ನು ಹತ್ತಿ ಒಂದು ಸುತ್ತು ಹೋದನು. ಅದು ನಿಂತ ಕೂಡಲೆ ಪೆಟ್ರೋಲಿನ ಟಾಕಿಯ ಮುಚ್ಚಳವನ್ನು ತೆರೆದನಂತೆ. ಸುಂಯ್ಯೆಂದು ಗಾಳಿಯು ಒಳಗೆ ನುಗ್ಗಿತು. ಗಾಡಿಯು ಆ ಕ್ಷಣವೇ ಎದ್ದಿತು. ಮುಚ್ಚಳದಲ್ಲಿರುವ ಸೂಕ್ಷ್ಮವಾದ ಗಾಳಿರಂಧ್ರದಲ್ಲಿ ನಮ್ಮ ಎರೆಯ ಮಣ್ಣು ಗಟ್ಟಿಯಾಗಿ ಕೂತಿತ್ತು. ಪೆಟ್ರೋಲು ಕೆಳಗಿಳಿದಷ್ಟು ಗಾಳಿಯು ಮೇಲಿನಿಂದ ಒಳಗೆ ಬರಬೇಕು. ಬಾರದಿದ್ದರೆ ಟಾಕಿಯಲ್ಲಿ ನಿರ್ವಾತವುಂಟಾಗಿ ಪೆಟ್ರೋಲು ಇಳಿಯಲೊಲ್ಲದು. ನೆರಳಿನಲ್ಲಿ ನಿಲ್ಲಿಸಿದಾಗ ಗಾಳಿಯು ಮೆಲ್ಲಗೆ ಜಿನುಗಿ ಒಳಸೇರುತ್ತಿದ್ದುದರಿಂದ ಗಾಡಿಯು ಮತ್ತೆ ಏಳುತ್ತಿತ್ತು. ಕಾರ್ಬುರೇಟರು ನಿರಪರಾಧಿ, ಅದನ್ನು ತೊಳೆದವನೂ ನಿರಪರಾಧಿ.

ವೈದ್ಯಶಾಸ್ತ್ರದಲ್ಲಿ ನಿದಾನವೆಂದರೆ ರೋಗದ ಮೂಲಕಾರಣ, ಅದರ ಪರೀಕ್ಷೆ. ಮಾಧವನಿದಾನವೆಂಬ ಗ್ರಂಥವಿಡೀ ಆ ವಿಷಯಕ್ಕೇ ಮೀಸಲು. ಮಹಾಪ್ರಾಣದ ನಿಧಾನವು ಸಂಸ್ಕೃತದಲ್ಲಿ ನಿಧಿಯನ್ನೂ ಕನ್ನಡದಲ್ಲಿ ಸಾವಕಾಶವನ್ನೂ ಹೇಳುವದು. ಈ ಭೇದವನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದು ತೋರಿಸಿದ ನಮಗೆ ಎರಡರಲ್ಲಿ ಒಂದೂ ಒದಗಲಿಲ್ಲ.

ಈಗ ಯಂತ್ರದ ವಿಷಯ. ಕಾರ್ಬುರೇಟರಿನ ಕೆಲಸವು ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸುವದು. ಕಂಠದಲ್ಲಿ ದಾರಿಯು ಕಿರಿದಾಗಿರುವದರಿಂದ ಗಾಳಿಯ ವೇಗವು ಹೆಚ್ಚಿ ಒತ್ತಡವು ಇಳಿಯುವದು. ಆಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಜೆಟ್ಟೆಂಬ ಹಿತ್ತಾಳೆಯ ರಂಧ್ರದ ಮೂಲಕ ಮೇಲೇರುವದು. ಬಟ್ಟಲಿನ ಮಟ್ಟವನ್ನು ಕಾಯಲು ಒಂದು ತೇಲುಗುಂಡು ಉಂಟು. ಬರಿಯ ಪೆಟ್ರೋಲಾದರೆ 1 ತೂಕಕ್ಕೆ 14.7 ತೂಕದ ಗಾಳಿಯು ಬೇಕು. ಪೆಟ್ರೋಲು ಹೆಚ್ಚಾದರೆ ಹೊಗೆಯೂ ಖರ್ಚೂ ಹೆಚ್ಚು; ಗಾಳಿಯು ಹೆಚ್ಚಾದರೆ ಎಂಜಿನ್ನು ಕಾಯ್ದು ಮುಗ್ಗರಿಸುವದು.

ಪರೀಕ್ಷೆಯನ್ನು ಹೊರಗಿನಿಂದ ಆರಂಭಿಸಬೇಕು. ಮುಚ್ಚಳದ ರಂಧ್ರ, ಪೆಟ್ರೋಲಿನ ನಳಿಗೆ, ಗಾಳಿಶೋಧಕ, ಸ್ಪಾರ್ಕ ಪ್ಲಗ್ಗು, ಇವಿಷ್ಟನ್ನು ನೋಡದೆ ಕಾರ್ಬುರೇಟರಿಗೆ ಕೈ ಹಚ್ಚಲಾಗದು. ನಮ್ಮ ಸೀಮೆಯ ಧೂಳಿನಲ್ಲಿ ಗಾಳಿಶೋಧಕವು ಬೇಗನೆ ಕಟ್ಟಿಕೊಳ್ಳುವದು. ನಾಲ್ಕಾರು ಮೈಲು ಓಡಿಸಿ ನಿಲ್ಲಿಸಿ, ಆರಿದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿರಿ: ತುದಿಯು ಒಣಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಾಗಿದ್ದರೆ ಗಾಳಿ ಹೆಚ್ಚು, ಹುರಿದ ಗೋದಿಯ ಬಣ್ಣವಿದ್ದರೆ ಕ್ಷೇಮ. ಎಂಜಿನ್ನು ಕಾಯ್ದ ಮೇಲೆಯೂ ಚೋಕನ್ನು ಎಳೆದಾಗಲೇ ಸುಖವಾಗಿ ನಡೆಯುತ್ತಿದ್ದರೆ, ಸಣ್ಣ ಜೆಟ್ಟಿನಲ್ಲಿ ಕಸವಿರುವದೆಂದೋ, ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವಿನ ರಬ್ಬರು ಸೀಳಿ ಗಾಳಿಯು ಕಳ್ಳದಾರಿಯಿಂದ ಒಳಸೇರುವದೆಂದೋ ತಿಳಿಯತಕ್ಕದ್ದು.

ತೊಂದರೆಯು ಯಾವಾಗ ಬರುವದೆಂಬುದೂ ಮುಖ್ಯವು. ಹಿಡಿಕೆಯನ್ನು ಬಿಟ್ಟು ನಿಂತಾಗಲಾದರೆ ಸಣ್ಣ ಜೆಟ್ಟು, ನಡುವೇಗದಲ್ಲಾದರೆ ಸೂಜಿ, ಪೂರ್ಣ ತಿರುವಿದಾಗಲಾದರೆ ದೊಡ್ಡ ಜೆಟ್ಟು. ಬಟ್ಟಲಿನ ಕೆಳಗಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ತೇಲುಗುಂಡಿನ ಕವಾಟದಲ್ಲಿ ಕಸವು ಸಿಕ್ಕಿರುವದೆಂದು ಬಗೆಯಿರಿ. ಜೆಟ್ಟಿನಲ್ಲಿ ಸೂಜಿ, ಪಿನ್ನು, ತಂತಿಗಳನ್ನು ತೂರಿಸುವದು ಮಹಾಪರಾಧವು. ಹಿತ್ತಾಳೆಯು ಮೆತ್ತಗಿನ ಲೋಹ, ರಂಧ್ರವು ಕೂದಲೆಳೆಯಷ್ಟು ಹಿಗ್ಗಿದರೂ ಹದವು ಕೆಡುವದು. ಗಾಳಿಯನ್ನು ಊದಿಸಿದರೆ ಸಾಕು. ಇದೆಲ್ಲವನ್ನೂ ಅಡಿಗೆಮನೆಯಿಂದ ದೂರ, ಬಯಲಿನಲ್ಲಿ ಮಾಡಬೇಕು. ಹತ್ತಿರ ದೀಪವಾಗಲಿ ಬೀಡಿಯಾಗಲಿ ಇರಕೂಡದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ನನ್ನು ನಡೆಸಿದರೆ ಅದರ ಹೊಗೆಯು ಪ್ರಾಣಾಪಾಯಕರವು.

ಇತ್ತೀಚೆಗೆ ಇನ್ನೊಂದು ವಿಶೇಷವು ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಇಥೆನಾಲು ಬೆರೆಯಹತ್ತಿತು. ನಮ್ಮ ಕಬ್ಬಿಗೆ ಅದು ಒಳ್ಳೆಯದೇ. ಆದರೆ ಆ ಮಿಶ್ರಣಕ್ಕೆ 13.5 ತೂಕದಷ್ಟೇ ಗಾಳಿ ಸಾಕಾಗುವದರಿಂದ, ಹಳೆಯ ಅಳತೆಯ ಜೆಟ್ಟಿನಲ್ಲಿ ಗಾಳಿಯು ಕೊಂಚ ಹೆಚ್ಚಾದಂತಾಗುವದು. ಹಳೆಯ ರಬ್ಬರು ಕೆಡುವದು. ಇಥೆನಾಲು ನೀರನ್ನು ಹೀರುವದು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಬಟ್ಟಲನ್ನು ಬರಿದು ಮಾಡಿಡುವದು ಲೇಸು. ಮೈಸೂರಿನಲ್ಲಿ 1961ರಿಂದ 1996ರ ವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಇಂದಿಗೂ ಪ್ರೀತಿಯಿಂದ ಸಾಕಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. 2020ರ ಏಪ್ರಿಲ್ 1ರಿಂದ ಬಂದ ಹೊಸ ನಿಯಮದ ತರುವಾಯದ ಗಾಡಿಗಳಲ್ಲಿ ಬಹುತೇಕವಾಗಿ ಕಾರ್ಬುರೇಟರೇ ಇಲ್ಲ. ಅವುಗಳ ಮಾತು ಬೇರೆ.

ಪರೀಕ್ಷೆಯ ಮರುದಿನ ನಾವು ಶಿಷ್ಯನ ಅಂಗಡಿಗೆ ಹೋದೆವು. ಆ ನಾಲ್ವರು ಕೂಡುವ ಹೊತ್ತನ್ನೇ ನೋಡಿ ಹೋಗಿ, ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು. ಅವನು ನಾಚಿ, “ಇರಲಿ ಬಿಡ್ರಿ ಸರ” ಎಂದು, ನಾವು ಕೆಡಿಸಿಟ್ಟ ತಿರುಪನ್ನು ಸರಿಪಡಿಸತೊಡಗಿದನು. ಮೊದಲು ಎಂಜಿನ್ನನ್ನು ಕಾಯಿಸಿ ನಿಲ್ಲಿಸಿದನು. ಗಾಳಿಯ ತಿರುಪನ್ನು ಬಿಗಿಯದೆ, ಬುಡಕ್ಕೆ ತಾಗುವವರೆಗೆ ಮಾತ್ರ ಒಳಗೆ ತಿರುವಿದನು. ಬಲವಾಗಿ ಬಿಗಿದರೆ ಅದರ ಮೊನೆಯೂ ಕೂಡುವ ಜಾಗವೂ ಹಾಳಾಗುವವು. ಅಲ್ಲಿಂದ ಒಂದೂವರೆ ಸುತ್ತು ಹಿಂದಕ್ಕೆ ತಿರುವಿ, ಮತ್ತೆ ಎಂಜಿನ್ನನ್ನು ಎಬ್ಬಿಸಿ, ಕಾಲು ಕಾಲು ಸುತ್ತು ಆಚೆ ಈಚೆ ಮಾಡುತ್ತ ಕಿವಿಗೊಟ್ಟು ಕೇಳಿದನು. ಸದ್ದು ಎಲ್ಲಿ ಅತಿ ಚುರುಕಾಯಿತೋ ಅಲ್ಲಿ ಬಿಟ್ಟು, ಇನ್ನೊಂದು ತಿರುಪಿನಿಂದ ವೇಗವನ್ನು ಇಳಿಸಿದನು. ಈ ತಿರುಪು ಗಾಳಿಶೋಧಕದ ಬದಿಗಿದ್ದರೆ ಒಳಗೆ ತಿರುವಿದಂತೆ ಪೆಟ್ರೋಲಿನ ಪಾಲು ಹೆಚ್ಚುವದೆಂದೂ, ಎಂಜಿನ್ನಿನ ಬದಿಗಿದ್ದರೆ ಅದು ತದ್ವಿರುದ್ಧವೆಂದೂ ತಿಳಿಸಿದನು. ಇದು ನಮಗೆ ಆ ದಿನದ ವರೆಗೆ ಗೊತ್ತಿರಲಿಲ್ಲ.

“ಎಷ್ಟು ಸುತ್ತು ಅಂತ ಬರೆದಿಡ್ರಿ ಸರ, ಮತ್ತ ಮರೀತೀರಿ” ಎಂದನು. ಪಂಚಾಂಗದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇವೆ: ಒಂದು ಮುಕ್ಕಾಲು.